ಗುಳಿಗಿ ಅಂಗಡಿ

ಇಂಡಿ ಬಸ್ ಸ್ಟ್ಯಾಂಡಿನ ಎದುರಿಗೆ
ನಿಂಬಿಹಣ್ಣಿನ ಚೀಲ ಏರಸೂ ಲಾರಿಗಳ ಮಗ್ಗಲಕ
ನಮ್ಮ ಔಷಧದ ಅಂಗಡಿ.
ಎಂಟು ವರ್ಷ ಆತು ಈ ಕೌಂಟರಿನ ಹಿಂದ ನಿಂತು,
ಕಣ್ಣು ಮುಚ್ಚಿ ಕೈ ಚಾಚಿದರೂ
ಯಾವ ಗೂಡಿನಾಗ ಯಾವ ಡಬ್ಬಿ, ಬೆರಳಿಗೆ ಗೊತ್ತು.

ಡಾಕ್ಟರ ಚೀಟಿಯೊಳಗ ನೋವಿಗೆ ಒಂದ ಹೆಸರು,
ಅದೂ ಇರುವಿ ಹರದಾಡಿದಂಥ ಅಕ್ಷರದಾಗ.
ಚೀಟಿ ಇಲ್ಲದ ಬರ್ತಾರಲ್ಲ,
ಅವರ ಬಾಯಾಗ ನೋವಿನ ಸಂತಿನ ನೆರದಿರ್ತೈತಿ.

ತಾಯವ್ವ ಮೊಣಕಾಲು ಹಿಡಕೊಂಡು ಬರ್ತಾಳ:
'ಒಳಗ ಯಾರೋ ಕುಂತು ಕಡ್ಲಿ ಹುರದಂಗ ಆಗ್ತೈತಿ ತಂಗಿ.'
ಚಟಪಟ ನನಗೂ ಕೇಳಸ್ತೈತಿ,
ಉಸುಕಿನ ಬಿಸಿ ಮುಖಕ್ಕ ಹೊಡೀತೈತಿ.
ರೇವಣಸಿದ್ದನ ಹಲ್ಲು ಜಿವ್ ಜಿವ್ ಅಂತೈತಿ,
ಹುಸೇನಬಿಗೆ ಬೆನ್ನಾಗ ಚಳಕು.
ಒಬ್ಬರಿಗೆ ಜಗ್ಗತೈತಿ, ಒಬ್ಬರಿಗೆ ತಿವೀತೈತಿ,
ಹೊಟ್ಟಿ ಮುರೀತೈತಿ, ತಲಿ ಸಿಡೀತೈತಿ,
ಲಾರಿ ಹಮಾಲನ ಅಂಗಾಲಿನಾಗ
'ಬೆಂಕಿಪೊಟ್ಟಣ ಗೀರಿದಂಗ ರೀ, ಹತ್ತೂದಿಲ್ಲ, ಆರೂದಿಲ್ಲ.'

ಗುಳಿಗಿ ಕೊಡ್ತೀನಿ, ರೊಕ್ಕ ಎಣಿಸಿ ತಗೋತೀನಿ,
ಮಾತು ಮಾತ್ರ ಪುಗಸಟ್ಟೆ.
ಅವರ ನೋವಿನಾಗ ನನಗ ಸುಖ!
ಪಾಪ ಅನಸ್ತೈತಿ. ಅನಸಿದರೂ
ನಾಲಗಿ ಮ್ಯಾಲ ಬೆಲ್ಲದ ಹಳ್ಳು ಇಟ್ಟಂಗ
ಮಧ್ಯಾಹ್ನತನಕ ಹೊಳ್ಳಾಡಸ್ತೀನಿ: ಚಳಕು, ಚಳಕು.

ಖಾಲಿ ಡಬ್ಬಿ ಹರದು, ಒಳಗಿನ ಬಿಳಿ ಮಗ್ಗಲಕ ಬರದಿಡ್ತೀನಿ.
'ಏನು ಬರೀತಿ?' ಅಂತಾರ ಮಾಲಕರು ಕಲ್ಲನಗೌಡ್ರು.
'ಸ್ಟಾಕು ರೀ.'
ಸುಳ್ಳೇನಲ್ಲ.

ಓದಾಕ ಬರದವರಿಗೆ ಪಟ್ಟಿ ಮ್ಯಾಲ ಚಿತ್ರ ಬರಕೊಡ್ತೀನಿ:
ಬೆಳಿಗ್ಗೆಗೆ ಸೂರ್ಯ, ರಾತ್ರಿಗೆ ಚಂದ್ರ,
ಊಟಾದ ಮ್ಯಾಲ ಅಂದರ ಒಂದು ರೊಟ್ಟಿ.
ಆಯುಷ್ಯದಾಗ ನಾನು ಬರದ ಮೊದಲನೇ ಪದ್ಯ
ಯಾರೋ ನುಂಗಿ ನೀರು ಕುಡದಿರಬೇಕು.

ನಮ್ಮೂರಾಗ ಮಾತ್ರೆ ಅನ್ನೂದಿಲ್ಲ, ಗುಳಿಗಿ.
ಮಾತ್ರೆ ಅನ್ನವರು ಗದಿಗೆಪ್ಪ ಮಾಸ್ತರು ಒಬ್ಬರ,
ಒಂಬತ್ತನೇತ್ತಾದಾಗ ಲಘುವಿಗೊಂದು, ಗುರುವಿಗೆರಡು ಅಂತ
ನನ್ನ ಬೆರಳ ಗಂಟಿಗೆ ಪಟ್ಟಿಲೆ ಎಣಿಸಿ ಕಲಿಸಿದವರು.
ಈಗ ಅವರ ಬಿ.ಪಿ. ಗುಳಿಗಿ ಬ್ಲೇಡಿನಿಂದ ನಾನ ಸೀಳತೀನಿ.
'ಅರ್ಧ ಮಾತ್ರೆ ಛಂದಸ್ಸಿನಾಗೂ ಐತಿ, ತಂಗಿ,
ಬರೇ ವ್ಯಂಜನಕ್ಕ. ಸ್ವರ ಸಿಗದ
ತುಟಿ ಮಟ ಬಂದು ನಿಂತ ಸಪ್ಪಳಕ್ಕ.'
ಚೂರು ಹಾರಿ ಕೌಂಟರಿನ ಕೆಳಗ ಹೋತು, ಇಬ್ಬರೂ ಹುಡಿಕಿದಿವಿ.

ಆವತ್ತ ಸಂಜಿಮುಂದ ಒಬ್ಬಾಕಿ ಬಂದ್ಲು,
ಗಿರಾಕಿ ಎಲ್ಲಾ ಹೋಗೂತನಕ ಕಂಬಕ್ಕ ಆತು ನಿಂತ್ಲು.
ಏನಾಗ್ತೈತಿ ಅಂದೆ. ಏನೂ ಆಗೂದಿಲ್ಲ ಅಂದ್ಲು.
ಉರೀತೈತೇನು? ಇಲ್ಲ. ಕಡಿತ? ಊಹೂಂ.
ನನ್ನ ಸ್ಟಾಕೆಲ್ಲಾ ತೆಗೆದು ತೆಗೆದು ತೋರಿಸಿದೆ,
ಸೀರಿ ಅಂಗಡಿಯಾಗ ಹಾಸಿದಂಗ,
ಒಂದೂ ಅಕಿ ಮೈಗೆ ಹೊಂದವಲ್ದು.
ಒಂದು ಬಸ್ಸು ಹಿಂದಕ್ಕ ಸರೀತು, ಒಂದು ಹೋತು.
ಆಮ್ಯಾಲ ಅಕಿನ ಅಂದ್ಲು:
'ಮಂದಿ ಎದ್ದು ಹೋದ ಮ್ಯಾಲ
ಹಾಸಿಗಿ ಮಡಚಿ ಇಟ್ಟಿರ್ತಾರ ನೋಡ್ರಿ, ಹಂಗ.'
ಅಂದಾಕಿ ತಾನ ತಡದು, 'ಹಾಂ, ಹಂಗ,' ಅಂತ
ಸಣ್ಣಗ ನಕ್ಕು, ಏನೂ ಕೊಳ್ಳದ ವಿಜಯಪುರದ ಗಾಡಿ ಹತ್ತಿದ್ಲು.
ಅದಕ್ಕ ನನ್ನ ಕಡೆ ಗುಳಿಗಿ ಇರಲಿಲ್ಲ.
ಅದನ್ನ ಡಬ್ಬಿ ಮ್ಯಾಲ ಬರೀಲೂ ಇಲ್ಲ.

ಹ್ವಾದ ವಾರ ಗೌಡ್ರು ರದ್ದಿ ಮಾರಿದರು,
ನನ್ನ ಬರಹ ಎಲ್ಲಾ ಕಿಲೋ ಲೆಕ್ಕದಾಗ ಹೋತು.
ಮುಂಜಾನೆ ನೋಡಿದರ ನಿಂಬಿಹಣ್ಣಿನ ಬುಟ್ಟಿಯಾಗ ಪಾಟಿಯಂಗ ಚುಚ್ಚ್ಯಾರ:
'ಹತ್ತಕ್ಕ ನಾಕು',
ಕೆಳಗ ಇನ್ನೂ ಅಳಸದ ನನ್ನ ಅಕ್ಷರ:
ಕಡ್ಲಿ ಹುರದಂಗ.
ಹತ್ತು ರೂಪಾಯಿ ಕೊಟ್ಟೆ. ನಾಕು ಆರಿಸಿಕೊಂಡೆ,
ತೆಳ್ಳನ ಸೊಟ್ಟಿವು.